ಬಾವನ ಉಸಿರಿಗೊಂದು ಇಂಡಿಕೇಟರು

ಒತ್ತಡ ಅಳೆಯುವ ಸೆನ್ಸರು ಇಟ್ಟುಕೊಂಡು ಮನೆಗೂ ಗಾಡಿಗೂ ಏನಾದರೂ ಮಾಡಿಕೊಡುತ್ತೇನೆ ಎಂದು ಒಂದು ಸಲ ಬಾಯಿ ತಪ್ಪಿ ಹೇಳಿದರೆ ಮುಗಿಯಿತು, ಆಮೇಲೆ ಇಂಥವು ನಡೆಯುತ್ತಲೇ ಇರುತ್ತವೆ. ತಾಳವಾಡಿ ಬಸ್‌ಸ್ಟ್ಯಾಂಡಿನ ಹಿಂದೆ ನನ್ನ ಅಂಗಡಿ. ಮಿಕ್ಸಿ, ನೀರಿನ ಮೋಟರು, ಗಾಡಿ ವೈರಿಂಗು ನನ್ನ ಹೊಟ್ಟೆಪಾಡು. ಸೆನ್ಸರು ನನ್ನ ಹುಚ್ಚು. ಬೆರಳಿನ ಉಗುರಿನಷ್ಟು ಅಗಲದ ಬಿಲ್ಲೆ, ಅದಕ್ಕೊಂದು ಸಣ್ಣ ಮೂತಿ. ಮೂತಿಗೆ ನಳಿಕೆ ಸಿಕ್ಕಿಸಿದರೆ ಅದರೊಳಗೆ ಗಾಳಿಯೋ ನೀರೋ ಎಷ್ಟು ಒತ್ತುತ್ತಿದೆ ಅಂತ ಹೇಳುತ್ತದೆ. ಅಂಚೆಯಲ್ಲಿ ತರಿಸಿಕೊಂಡರೆ ಎರಡು ಪರೋಟ ತಿಂದು ಟೀ ಕುಡಿದಷ್ಟು ಖರ್ಚು. ಅಷ್ಟು ಅಗ್ಗ ಎಂದು ಗೊತ್ತಾದ ಮೇಲೆ ಜನಕ್ಕೆ ಅದರ ಮೇಲೆ ಮರ್ಯಾದೆ ಇಲ್ಲ, ನನ್ನ ಮೇಲೂ ಇಲ್ಲ.

ಒಬ್ಬರ ಮನೆಯಲ್ಲಿ ಟ್ಯಾಂಕು ತುಂಬಿದಾಗ ಮೋಟರು ತಾನಾಗಿ ನಿಲ್ಲುವಂತೆ ಮಾಡಿಕೊಟ್ಟೆ. ಟ್ಯಾಂಕಿನೊಳಗೆ ನಳಿಕೆ ಇಳಿಬಿಟ್ಟು ತುದಿಗೆ ಸೆನ್ಸರು. ಸ್ವಲ್ಪ ದಿನಕ್ಕೇ ಮನೆಯ ಯಜಮಾನರು ಅಂಗಡಿಗೆ ಬಂದು ಕೂಗಾಡಿದರು. ಟ್ಯಾಂಕು ಖಾಲಿ, ಮೋಟರು ಮಾತ್ರ ತುಂಬಿತು ಅಂತ ನಿಂತುಬಿಡುತ್ತದಂತೆ. ಹೋಗಿ ತಾರಸಿ ಹತ್ತಿ ನೋಡಿದರೆ ದಪ್ಪದೊಂದು ಕೋತಿ ನಳಿಕೆಯ ಮೇಲೆ ಕುಂಡಿ ಊರಿ ಕೂತು ಇನ್ನೊಂದರ ಕೈಲಿ ಹೇನು ಹೆಕ್ಕಿಸಿಕೊಳ್ಳುತ್ತಿತ್ತು. ಕೋತಿ ಕೂತರೆ ಟ್ಯಾಂಕು ಫುಲ್ಲು, ಎದ್ದರೆ ಖಾಲಿ. "ನಾನ್ ನೀರ್ ಅಳ್ಯಕ್ ಆಕ್ಸಿದ್ದು ಕಣಯ್ಯ, ಕೋತಿ ತೂಗಕ್ಕಲ್ಲ" ಅಂದರು ಯಜಮಾನರು.

ಇಂಥವನ್ನು ಹೇಳಿ ನಕ್ಕು ಮರೆಯಬಹುದು. ನಾನು ಹೇಳಬೇಕೆಂದಿರುವುದು ನನ್ನ ಅಕ್ಕನ ಮನೆಯಲ್ಲಿ ನಡೆದವು. ಅವೂ ನಗು ಬರಿಸುವಂಥವೇ. ನಗುವ ಮುಂಚೆ ಯಾರಾದರೂ ನೋಡುತ್ತಿದ್ದಾರಾ ಎಂದು ಒಂದು ಸಲ ಹಿಂದೆ ತಿರುಗಿ ನೋಡಬೇಕು, ಅಷ್ಟೇ.

ಊದುಂಗ

ಅಕ್ಕನನ್ನು ಕೊಟ್ಟಿದ್ದು ತಿಗನಾರೆಗೆ. ಬಾವ ಕಲ್ಲು ಕ್ವಾರಿಯಲ್ಲಿ ಕಂಪ್ರೆಸರ್ ಓಡಿಸುತ್ತಿದ್ದರು. ಬಂಡೆ ಕೊರೆಯುವ ಡ್ರಿಲ್ಲಿಗೆ ಗಾಳಿ ಕೊಡುವ ಮಿಷೀನು ಅದು. ಮೀಟರು ನೋಡುತ್ತಲೇ ಇರಲಿಲ್ಲ. ಶಬ್ದ ಕೇಳಿಯೇ "ಗಾಳಿ ಸಾಲ್ದು, ಇನ್ನೊಂದೀಟು ಏರ್ಸು" ಅನ್ನುತ್ತಿದ್ದರು. ಒತ್ತಡ ಎಂದರೇನು ಎಂದು ನನಗೆ ಮೊದಲು ಹೇಳಿಕೊಟ್ಟವರೂ ಅವರೇ. ಬಂಡೆಗೆಲ್ಲ ಗಾಳಿ ಕೊಟ್ಟ ಮನುಷ್ಯ ತನ್ನ ಮೂಗಿಗೆ ಒಂದು ಟವಲು ಕಟ್ಟಿಕೊಂಡಿದ್ದೇ ಹೆಚ್ಚು. ವರ್ಷಗಟ್ಟಲೆ ಕಲ್ಲಿನ ಧೂಳು ಒಳಗೆ ಹೋಗಿ ಕೂತಿತು. ಕೊನೆಗೆ ಬಾಗಿಲಿನಿಂದ ಮಂಚಕ್ಕೆ ನಡೆದರೆ ದಿಂಬಂ ಘಟ್ಟ ಹತ್ತಿದವರ ಹಾಗೆ ಏದುಸಿರು ಬಿಡುವಂತಾಯಿತು.

ಘಟ್ಟದ ಕೆಳಗಿನ ಸತ್ಯಮಂಗಲದ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಡಾಕ್ಟರು ತಮಿಳಿನವರು, ಸಮಾಧಾನದ ಮನುಷ್ಯ. ಬಾವನ ಬಾಯಿಗೆ ಒಂದು ಕೊಳವೆ ಕೊಟ್ಟು "ಊದುಂಗ" ಅಂದರು. ಬಾವ ಊದಿದರು. ಪರದೆಯ ಮೇಲಿನ ಗೆರೆ ಏಳಲಿಲ್ಲ. "ಇನ್ನುಂ ನಲ್ಲಾ ಊದುಂಗ" ಅಂದರು, ಇನ್ನೂ ಚೆನ್ನಾಗಿ ಊದಿ ಅಂತ. ಬಾವ ಕಣ್ಣು ಹೊರಬರುವ ಹಾಗೆ ಊದಿದರು. ಗೆರೆ ಇದ್ದಲ್ಲೇ ಇತ್ತು. ಡಾಕ್ಟರು ಬಿಡಲಿಲ್ಲ, "ಇನ್ನುಂ, ಇನ್ನುಂ" ಅಂದರು. ಬಾವ ಕೊಳವೆಯನ್ನು ಮೇಜಿನ ಮೇಲಿಟ್ಟು, ದಮ್ಮು ಬರುವ ತನಕ ಕಾದು, ನನ್ನ ಕಡೆ ತಿರುಗಿ ಹೇಳಿದರು:

"ಏಳ್ಲಾ ಅವ್ರ್ಗೆ. ಊದಕ್ ಗಾಳಿ ಇದ್ದಿದ್ರೆ ಆಸ್ಪತ್ರಿಗ್ ಯಾಕ್ ಬತ್ತಿದ್ದೆ? ಮದ್ವೆ ಮನೇಲಿ ನಾದಸ್ವರ ಊದ್ಕಂಡ್ ಇರ್ತಿದ್ದೆ."

ಹೊರಗೆ ಕರೆದು ಡಾಕ್ಟರು ನನಗೆ ಹೇಳಿದ್ದು ಬೇರೆ. ಒಳಗೆ ಕೂತ ಧೂಳು ಇನ್ನು ಹೊರಗೆ ಬರುವುದಿಲ್ಲ, ಇರುವಷ್ಟು ದಿನ ಮೂಗಿಗೆ ಆಕ್ಸಿಜನ್ ನಳಿಕೆ ಇರಬೇಕು, ಸ್ವಲ್ಪ ಹೊತ್ತು ತೆಗೆದರೆ ಪರವಾಗಿಲ್ಲ, ನಿದ್ದೆಯಲ್ಲಿ ಜಾರಿದರೆ ಕಷ್ಟ, ಒಬ್ಬರನ್ನೇ ಬಿಡಬೇಡಿ. ನಾನು ಅದನ್ನು ಅಕ್ಕನಿಗೆ ಹೇಳಲು ಬಾಯಿ ತೆರೆದೆ. ಅವಳು ನನ್ನ ಮುಖ ನೋಡಿ "ಗೊತ್ತಾಯ್ತು ಬುಡ್ಲಾ" ಅಂದಳು.

ಯಾರಿಗೆ ಗಾಳಿ ಕಮ್ಮಿ

ಆಮೇಲೆ ಆಗಾಗ ಸತ್ಯಮಂಗಲಕ್ಕೆ ಇಳಿಯಬೇಕಾಗಿ ಬಂತು. ಕೋಸು ಸಾಗಿಸುವ ಪಿಕಪ್ಪಿನ ಡ್ರೈವರು ನನ್ನ ಜೊತೆ ಓದಿದವನು, ಅವನ ಗಾಡಿಯಲ್ಲೇ ಹೋಗುತ್ತಿದ್ದೆವು. ಹಿಂದೆ ಹಾಸಿಗೆಯ ಮೇಲೆ ಬಾವ, ಪಕ್ಕದಲ್ಲಿ ಸಿಲಿಂಡರನ್ನು ತಬ್ಬಿಕೊಂಡು ಅಕ್ಕ. ಮುಂದೆ ಡ್ರೈವರು ಮತ್ತು ನಾನು. ನಡುವಿನ ಸಣ್ಣ ಕಿಟಕಿ ತೆರೆದಿಟ್ಟುಕೊಳ್ಳುತ್ತಿದ್ದೆವು.

ಆ ಗಾಡಿಯ ಟೈರುಗಳಿಗೆ ನಾನೇ ಸೆನ್ಸರು ಹಾಕಿಕೊಟ್ಟಿದ್ದೆ. ಗಾಳಿ ತುಂಬುವ ವಾಲ್ವಿಗೆ ಮುಚ್ಚಳದ ಬದಲು ಸೆನ್ಸರು, ಸ್ಟೇರಿಂಗಿನ ಪಕ್ಕ ಒಂದು ಪುಟ್ಟ ಪರದೆ. ಗಾಳಿ ಕಮ್ಮಿಯಾದರೆ ಕೀ ಕೀ ಎಂದು ಅರಚುತ್ತದೆ. ಡ್ರೈವರಿಗೆ ಅದರ ಮೇಲೆ ಭಕ್ತಿ ಎಷ್ಟೆಂದರೆ ರಸ್ತೆ ನೋಡುವುದನ್ನು ಬಿಟ್ಟು ಅದನ್ನೇ ನೋಡಿಕೊಂಡು ಗಾಡಿ ಓಡಿಸುತ್ತಿದ್ದ. ನಾನು ಬೈದರೆ "ನೀನೇ ಆಕ್ಕೊಟ್ಟಿದ್ದಲ್ವಾ" ಅನ್ನುತ್ತಿದ್ದ.

ಒಂದು ದಿನ ದಿಂಬಂನಲ್ಲಿ ಟೀ ಕುಡಿದು ಇಳಿಯಲು ಶುರುಮಾಡಿ ಮೂರ್ನಾಲ್ಕು ತಿರುವು ದಾಟುವಷ್ಟರಲ್ಲಿ ಪರದೆ ಅರಚಿತು. ಮುಂದೆ ಲಾರಿ, ಹಿಂದೆ ಲಾರಿ, ನಿಲ್ಲಿಸಲು ಜಾಗವಿಲ್ಲ. ನಿಲ್ಲಿಸಿದರೂ ಅದು ಆನೆ ಅಡ್ಡ ಬರುವ ದಾರಿ. ಆನೆ ಬಂದರೆ ನಾವು ಓಡಬಹುದು, ಬಾವ ಓಡುತ್ತಾರಾ? ಡ್ರೈವರು ಪರದೆ ನೋಡಿಕೊಂಡು ಕೂಗಿದ:

"ಗಾಳಿ ಕಮ್ಮಿ ಆಯ್ತಾ ಅದೆ ಕಣ್ಲಾ! ಇಳೀತಾ ಅದೆ! ಅಯ್ಯಯ್ಯೋ, ಇನ್ನೂ ಇಳೀತಾ ಅದೆ!"

ಹಿಂದಿನ ಕಿಟಕಿಯಿಂದ ಬಾವನ ದನಿ ಬಂತು, ಒಂದೊಂದು ಮಾತಿಗೂ ಉಸಿರು ಎಳೆದುಕೊಂಡು:

"ಸರ್ಯಾಗ್ ಏಳ್ಲಾ... ಟೈರ್ಗಾ... ನಂಗಾ?"

ರಿವರ್ಸ್ ಹಾರನ್ನು

ಮನೆಗೆ ಆಕ್ಸಿಜನ್ ಮಿಷೀನು ಬಂತು. ಕರೆಂಟು ಹೋದಾಗ ಇರಲಿ ಎಂದು ಒಂದು ಸಿಲಿಂಡರೂ ಬಂತು. ಬಾವ ಊಟ ಮಾಡಿ ಮಲಗಿದರೆ ಮಗ್ಗುಲು ಬದಲಿಸುವಾಗ ಮೂಗಿನ ನಳಿಕೆ ಜಾರುತ್ತಿತ್ತು. ಹಾಗೆ ಜಾರಿದ್ದು ಗೊತ್ತಾಗದೆ ಒಮ್ಮೆ ಅವರ ತುಟಿ ನೇರಳೆಹಣ್ಣಿನ ಬಣ್ಣಕ್ಕೆ ತಿರುಗಿತ್ತು. ಅಂದಿನಿಂದ ಅಕ್ಕ ಬಾವನ ಮಂಚದ ಪಕ್ಕ ಬಿಟ್ಟು ಏಳಲಿಲ್ಲ. ಹೊಲ ಇರುವುದು ಮನೆಯ ಹಿಂದೆಯೇ, ಕೂಗಳತೆ ದೂರ. ಆದರೂ ಅಲ್ಲಿಗೆ ಕಾಲಿಡಲಿಲ್ಲ. ಬೀನ್ಸ್ ಗಿಡ ಯಾವುದು, ಕಳೆ ಯಾವುದು ಎಂದು ಗೊತ್ತಾಗದ ಹಾಗೆ ಹೊಲ ಬೆಳೆದು ನಿಂತಿತು.

"ಏನಾರ ಮಾಡ್ಲಾ" ಅಂದಳು ಅಕ್ಕ. "ಅವ್ರು ಉಸ್ರಾಡ್ತಾ ಅವ್ರೆ ಅಂತ ಗೊತ್ತಾದ್ರೆ ಸಾಕು, ನಾನ್ ಒಲುಕ್ ಓಯ್ತೀನಿ."

ಅವಳು ನನ್ನನ್ನು ಏನನ್ನಾದರೂ ಕೇಳಿದ್ದೇ ಅಪರೂಪ. ಅಂಗಡಿ ಬಾಗಿಲು ಹಾಕಿ ಕೂತು ಮಾಡಿದೆ. ಮೂಗಿನ ನಳಿಕೆಗೆ ಒಂದು ಕವಲು ಕೊಟ್ಟು ಅದರ ತುದಿಗೆ ಸೆನ್ಸರು. ಉಸಿರು ಒಳಗೆ ಹೋದಾಗ ನಳಿಕೆಯಲ್ಲಿ ಒತ್ತಡ ಒಂದು ಕೂದಲೆಳೆಯಷ್ಟು ಇಳಿಯುತ್ತದೆ, ಹೊರಗೆ ಬಂದಾಗ ಏರುತ್ತದೆ. ಸ್ವಲ್ಪ ಹೊತ್ತು ಏರಿಳಿತವೇ ಇಲ್ಲದಿದ್ದರೆ ಹಾರನ್ನು ಕೂಗಬೇಕು. ಹೊಲದವರೆಗೆ ಕೇಳುವ ಹಾರನ್ನು ಅಂಗಡಿಯಲ್ಲಿ ಒಂದೇ ಇತ್ತು, ಗಾಡಿ ಹಿಂದಕ್ಕೆ ಬರುವಾಗ ರಾಗವಾಗಿ ಬಡಿದುಕೊಳ್ಳುತ್ತದಲ್ಲ, ಆ ರಿವರ್ಸ್ ಹಾರನ್ನು. ಅದನ್ನೇ ಹಾಕಿದೆ.

ಹಾಕಿದ ದಿನವೇ ಬಾವನಿಗೆ ನಳಿಕೆ ಜಾರಿತು. ಹಾರನ್ನು ಓಣಿಗೆಲ್ಲ ಕೇಳುವಂತೆ ರಾಗ ತೆಗೆಯಿತು. ಅಕ್ಕ ಹೊಲದಿಂದ ಓಡಿಬಂದಳು, ನಾನು ಜಗಲಿಯಿಂದ ಒಳಗೆ ನುಗ್ಗಿದೆ. ಬಾವ ಆ ಗಲಾಟೆಗೇ ಎಚ್ಚರಗೊಂಡು ನಳಿಕೆಗೆ ತಡಕಾಡುತ್ತಿದ್ದರು. ಅಷ್ಟರಲ್ಲಿ ಹೊರಗೆ ಓಣಿಯಲ್ಲಿ ಎತ್ತು ಹೊಡೆದುಕೊಂಡು ಹೋಗುತ್ತಿದ್ದವರೊಬ್ಬರು ನಮ್ಮ ಮನೆಯಿಂದ ಯಾವುದೋ ಗಾಡಿ ಹಿಂದಕ್ಕೆ ಬರುತ್ತಿದೆ ಎಂದುಕೊಂಡು ಎತ್ತನ್ನು ಬದಿಗೆ ನಿಲ್ಲಿಸಿ ಕೈ ಬೀಸಿ ಕೂಗತೊಡಗಿದರು. ಉಪಕಾರ ಮಾಡುವ ಬುದ್ಧಿ ನಮ್ಮವರಿಗೆ ಜಾಸ್ತಿ.

"ಬರ್ಲಿ ಬರ್ಲಿ! ಎಡಕ್ ಒಡ್ಕಳಿ! ಬರ್ಲಿ, ಜಾಗ ಅದೆ, ಬರ್ಲಿ!"

ಬಾವ ನಳಿಕೆಯನ್ನು ಮೂಗಿಗೆ ಸಿಕ್ಕಿಸಿಕೊಂಡು, ಇದ್ದ ಅಷ್ಟೂ ದಮ್ಮು ಕಟ್ಟಿ ಕಿಟಕಿಯ ಕಡೆ ಕೂಗಿದರು:

"ಬತ್ತಾ ಇಲ್ಲ ಕಣಣ್ಣ... ಓಯ್ತಾ ಇವ್ನಿ!"

ಮೇಲಕ್ಕೋ ಕೆಳಕ್ಕೋ

ಹಾರನ್ನಿನಿಂದ ಅಕ್ಕನಿಗೆ ನೆಮ್ಮದಿ ಸಿಗಲಿಲ್ಲ. ಕೂಗಿದರೆ ಓಡಿಬರುವಳು ಸರಿ, ಕೂಗದಿದ್ದರೂ ಓಡಿಬರುವಳು. "ಅದು ಕೆಟ್ಟೋಗಿ ಸುಮ್ಕಿದ್ರೆ?" ಅನ್ನುವುದು ಅವಳ ಪ್ರಶ್ನೆ. ಕೆಟ್ಟದ್ದಾದಾಗ ಹೇಳುವ ಮಿಷೀನು ಅವಳಿಗೆ ಸಾಲದು. ಒಳ್ಳೆಯದಾಗಿದ್ದಾಗಲೂ ಹೇಳುತ್ತಲೇ ಇರಬೇಕು. ಯೋಚಿಸಿ ನೋಡಿದರೆ ನ್ಯಾಯವಾದ ಮಾತೇ.

ಹಳೆ ಬೈಕೊಂದರ ಇಂಡಿಕೇಟರು ದೀಪ ತೆಗೆದು ಹೊಲದ ಕಡೆಯ ಕಿಟಕಿಗೆ ಕಟ್ಟಿದೆ. ಬಾವನ ಒಂದು ಉಸಿರಿಗೆ ಒಂದು ಮಿಣುಕು. ಮಟಮಟ ಬಿಸಿಲಲ್ಲೂ ಹೊಲದಿಂದ ಕಾಣುತ್ತಿತ್ತು. ಅಕ್ಕ ಕಳೆ ಕೀಳುತ್ತಾ ತಲೆ ಎತ್ತಿ ನೋಡುವಳು, ಮಿಣುಕಿತಾ, ಮತ್ತೆ ಬಗ್ಗುವಳು. ಬಹಳ ದಿನಗಳ ಮೇಲೆ ಅವಳ ಕೈಗೆ ಮಣ್ಣು ಹತ್ತಿದ್ದು ನೋಡಿ ನನಗೆ ಖುಷಿಯಾಯಿತು.

ಆ ಕಿಟಕಿ ಹೊಲಕ್ಕೆ ಹೋಗುವ ದಾರಿಯವರಿಗೂ ಕಾಣುತ್ತಿತ್ತು. ಊರವರಿಗೆ ಅದೊಂದು ಅಭ್ಯಾಸವಾಯಿತು. ಹಾಲು ಹಾಕಲು ಹೋಗುವವರು, ದನ ಮೇಯಿಸುವವರು, ಎಲ್ಲರೂ ಕತ್ತು ತಿರುಗಿಸಿ ನೋಡಿ "ಇನ್ನೂ ಅವ್ನೆ" ಅಂದುಕೊಂಡು ಮುಂದೆ ನಡೆಯುತ್ತಿದ್ದರು. ಒಳಗೆ ಬಂದು ಹೇಗಿದ್ದೀರಿ ಎಂದು ಕೇಳುವವರು ಒಬ್ಬೊಬ್ಬರಾಗಿ ಕಮ್ಮಿಯಾದರು. ದೀಪ ನೋಡಿದರೆ ಸಾಕಲ್ಲ. ಇದು ನನಗೆ ಆಗ ಹೊಳೆಯಲಿಲ್ಲ. ಮಂಚದ ಮೇಲಿದ್ದವರಿಗೆ ಹೊಳೆದಿತ್ತು ಅಂತ ಕಾಣುತ್ತದೆ.

ಒಂದು ಮಧ್ಯಾಹ್ನ ನಾನು ವೈರು ಬಿಗಿಮಾಡುತ್ತಿದ್ದೆ, ಅಕ್ಕ ಗಂಜಿ ಕುಡಿಸುತ್ತಿದ್ದಳು. ಬಾವ ತನ್ನದೇ ಉಸಿರು ಕಿಟಕಿಯಲ್ಲಿ ಮಿಣುಕುವುದನ್ನು ನೋಡುತ್ತಾ ಕೇಳಿದರು:

"ಇಂಡಿಕೇಟರ್ ಆಕ್ಬುಟ್ಟಿದ್ದೀಯಲ್ಲ, ಯಾವ್ ಕಡಿಕ್ಲಾ ತಿರುಗ್ಬೇಕು ನಾನು? ಮ್ಯಾಕಾ, ಕೆಳಿಕಾ?"

ಅಕ್ಕ ಚಮಚವನ್ನು ಬಾಯಿಗೆ ತುರುಕಿ ಹೇಳಿದಳು:

"ಯಾವ್ ಕಡಿಕೂ ತಿರುಗ್ಬೇಡಿ. ಅದು ಪಾರ್ಕಿಂಗ್ ಲೈಟು. ನಿಂತಿರಿ."

ಸಗಣಿ

ಬಾವನ ಅಣ್ಣ ಇರುವುದು ಗುಮಟಾಪುರದಲ್ಲಿ. ದೀಪಾವಳಿ ಆದಮೇಲೆ ಅಲ್ಲಿ ಬೀರೇಶ್ವರನ ಗುಡಿ ಹತ್ತಿರ ಸಗಣಿ ರಾಶಿ ಹಾಕಿ ಒಬ್ಬರಿಗೊಬ್ಬರು ಎಸೆದಾಡುವುದು ಉಂಟಲ್ಲ, ಅಣ್ಣತಮ್ಮಂದಿರು ಚಿಕ್ಕಂದಿನಿಂದ ಒಂದು ವರ್ಷವೂ ತಪ್ಪಿಸಿದವರಲ್ಲ. ಆ ಸಗಣಿ ಮೈಗೆ ಬಿದ್ದರೆ ಕಾಯಿಲೆ ಹೋಗುತ್ತದೆ ಎಂದು ನಂಬಿಕೆ. ಆ ವರ್ಷ ಬಾವ ಮಂಚದ ಮೇಲೆ.

ಆಟ ಮುಗಿದದ್ದೇ ಅಣ್ಣ ಮೈತುಂಬ ಸಗಣಿಯಲ್ಲೇ ತಿಗನಾರೆಗೆ ಬಂದರು. ಕೈಯಲ್ಲಿ ಮುತ್ತುಗದ ಎಲೆ ಮುಚ್ಚಿದ ಒಂದು ಉಂಡೆ. ಅಕ್ಕ ಬಾಗಿಲಿಗೆ ಅಡ್ಡ ನಿಂತಳು, "ಒಳೀಕ್ ಬರ್ಬೇಡಿ, ಅವ್ರ್ಗೆ ಧೂಳು, ವಾಸ್ನೆ ಏನೂ ಆಗಾಕಿಲ್ಲ."

"ದೇವ್ರ್ ಸಗ್ಣಿ ಕಣವ್ವ. ಒಸಿ ಪಾದುಕ್ ಮುಟ್ಟುಸ್ಬುಟ್ಟು ಓಯ್ತೀನಿ" ಅಂದರು ಅವರು. ಅಷ್ಟು ದೊಡ್ಡ ಮನುಷ್ಯ ಉಂಡೆ ಹಿಡಿದುಕೊಂಡು ಹೊಸ್ತಿಲಲ್ಲೇ ನಿಂತರು. ಅಕ್ಕ ದಾರಿ ಬಿಟ್ಟಳು.

ಅವರು ಬಗ್ಗಿ ಪಾದಕ್ಕೆ ಸವರಲು ಹೋದರೆ ಬಾವ ಕಾಲು ಎಳೆದುಕೊಂಡರು. "ಸವ್ರಕ್ ನಾನೇನ್ ಗ್ವಾಡೆಯಾ? ಎಸಿ. ಆಟ್ದಲ್ಲಿ ಎಸ್ದಂಗ್ ಎಸಿ."

ಅಣ್ಣ ಕಣ್ಣೊರೆಸಿಕೊಂಡು ಎರಡು ಹೆಜ್ಜೆ ಹಿಂದೆ ಹೋಗಿ ಮೆಲ್ಲಗೆ ಎಸೆದರು. ಮೆಲ್ಲಗೆ ಎಂದರೂ ವರ್ಷವರ್ಷ ಎಸೆದ ಕೈ. ಬಾವನಿಗೋ ತಪ್ಪಿಸಿಕೊಂಡು ಅಭ್ಯಾಸ, ತಲೆ ತಾನಾಗಿ ಪಕ್ಕಕ್ಕೆ ವಾಲಿತು. ಉಂಡೆ ಹೋಗಿ ಹಿಂದೆ ಗೋಡೆಯಲ್ಲಿದ್ದ ನನ್ನ ಮಿಷೀನಿಗೆ ಪಚ್ಚೆಂದು ಬಡಿಯಿತು. ಸೆನ್ಸರಿನ ಮೂತಿ ಕಟ್ಟಿಕೊಂಡಿತು. ದೀಪ ಆರಿತು, ಹಾರನ್ನು ರಾಗ ಹಿಡಿಯಿತು. ಬಾವನಿಗೆ ನಗು ತಡೆಯಲಾಗಲಿಲ್ಲ. ನಗು ಕೆಮ್ಮಾಯಿತು, ಕೆಮ್ಮು ನಿಲ್ಲಲಿಲ್ಲ, ತುಟಿ ಮತ್ತೆ ನೇರಳೆ ಬಣ್ಣಕ್ಕೆ ಹೋಯಿತು. ಅಕ್ಕ ಬೆನ್ನು ನೀವುತ್ತಾ, ನಾನು ಆಕ್ಸಿಜನ್ ಏರಿಸುತ್ತಾ, ಅಣ್ಣ ಸಗಣಿ ಕೈ ಜೋಡಿಸಿಕೊಂಡು ಮೂಲೆಯಲ್ಲಿ ನಿಂತು, ಆ ಹೊತ್ತು ಹೇಗೆ ಕಳೆಯಿತೋ ನನಗೆ ಗೊತ್ತಿಲ್ಲ. ಮುಗಿಯಿತು ಎಂದೇ ನಾನು ತಿಳಿದಿದ್ದೆ.

ನಿಧಾನವಾಗಿ ಬಣ್ಣ ತಿರುಗಿತು. ಬಾವ ಸಗಣಿ ಮೆತ್ತಿಕೊಂಡು ಸತ್ತು ಬಿದ್ದ ಮಿಷೀನಿನ ಕಡೆ ಬೆರಳು ತೋರಿಸಿದರು.

"ದೇವ್ರ್ ದೊಡ್ಡೋನು ಕಣಣ್ಣ. ನಂಗ್ ಬಂದಿದ್ದ ಸಾವು ಅದಕ್ ಓಯ್ತು."

ಫ್ಯಾನು

ಮಿಷೀನನ್ನು ಹೊಸದಾಗಿ ಮಾಡಿಕೊಟ್ಟೆ. ಚಳಿ ಕಳೆದು ಬಿಸಿಲು ಏರುವ ಹೊತ್ತಿಗೆ ಬಾವನ ಉಸಿರು ಎಷ್ಟು ಸಣ್ಣದಾಯಿತೆಂದರೆ ಸೆನ್ಸರಿಗೆ ಅದು ಸಿಗುತ್ತಲೇ ಇರಲಿಲ್ಲ. ಉಸಿರಾಡುತ್ತಿದ್ದರೂ ದೀಪ ಮಿಣುಕದು, ಹಾರನ್ನು ಕೂಗುವುದು, ಅಕ್ಕ ಓಡಿಬರುವುದು. ಪ್ರತಿ ಸಲ ಹೋದಾಗಲೂ ನಾನು ಅದರ ಸ್ಕ್ರೂ ತಿರುಗಿಸಿ ಇನ್ನಷ್ಟು ಸೂಕ್ಷ್ಮ ಮಾಡಿ ಬರುತ್ತಿದ್ದೆ. "ಮಿಷೀನು ಈಗ ಮೊದಲಿಗಿಂತ ಚೆನ್ನಾಗಿದೆ" ಎಂದು ಅಕ್ಕನಿಗೆ ಹೇಳುತ್ತಿದ್ದೆ. ಮಿಷೀನು ಚೆನ್ನಾಗಾಗುತ್ತಿರಲಿಲ್ಲ, ಬಾವ ಕಮ್ಮಿಯಾಗುತ್ತಿದ್ದರು. ಆ ಸ್ಕ್ರೂ ತಿರುಗಿಸುವಾಗ ನನಗೆ ಅಳು ಬರುತ್ತಿತ್ತು. ಮುಖಕ್ಕೆ ಗಾಳಿ ಬಿದ್ದರೆ ಹಿತವಾಗುತ್ತದೆ ಎಂದು ಡಾಕ್ಟರು ಹೇಳಿದ್ದರಿಂದ ಅಕ್ಕ ಮಂಚದ ಪಕ್ಕ ಒಂದು ಟೇಬಲ್ ಫ್ಯಾನು ತಂದಿಟ್ಟಳು, ಆ ಕಡೆ ಈ ಕಡೆ ಕತ್ತು ತಿರುಗಿಸುವಂಥದ್ದು.

ಅದಾದ ಮೇಲೆ ಒಂದು ಆಶ್ಚರ್ಯ ನಡೆಯಿತು. ಊಟದ ನಂತರ ಬಾವನ ಉಸಿರು ಸರಿಹೋಗತೊಡಗಿತು. ಬೆಳಿಗ್ಗೆಯೆಲ್ಲ ಗಡಿಬಿಡಿಯಲ್ಲಿ ಮಿಣುಕುವ ದೀಪ ಮಧ್ಯಾಹ್ನ ನಿಧಾನವಾಗಿ, ಒಂದೇ ಸಮನೆ, ಆರೋಗ್ಯವಂತರ ಉಸಿರಿನ ಹಾಗೆ ಮಿಣುಕುತ್ತಿತ್ತು. ಅಕ್ಕ ನನ್ನನ್ನು ಕರೆಸಿದಳು. ಹೊಲದಲ್ಲಿ ಟೊಮೆಟೊ ಗಿಡಕ್ಕೆ ಕೋಲು ಕಟ್ಟಿ ಸಾಲು ಸಾಲು ನಿಲ್ಲಿಸಿದ್ದರು. ಅದರ ಮುಂದೆ ಬದುವಿನ ಮೇಲೆ ಇಬ್ಬರೂ ನಿಂತು ಕಿಟಕಿ ನೋಡಿದೆವು.

"ಎಂಗ್ ಉಸ್ರಾಡ್ತಾವ್ರೆ ನೋಡ್ಲಾ" ಅಂದಳು. "ಮದ್ವೆ ಆದ್ ವರ್ಸದಲ್ಲಿ ಇಂಗೇ ಮಲೀಕತಿದ್ರು."

"ಡಾಕ್ಟ್ರು ಏನೇ ಏಳ್ಲಿ ಅಕ್ಕ, ಸರಿ ಓಯ್ತಾವ್ರೆ" ಅಂದೆ ನಾನು. ನನ್ನ ಮಿಷೀನು ಹೇಳಿದ ಮೇಲೆ ಡಾಕ್ಟರದೇನು. ಅವಳು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ನಾನು ಜಂಬದಿಂದ ಇನ್ನೂ ಏನೋ ಹೇಳಬೇಕೆಂದಿದ್ದೆ, ಅಷ್ಟರಲ್ಲಿ ಕರೆಂಟು ಹೋಯಿತು. ಆಕ್ಸಿಜನ್ನಿಗೆ ಸಿಲಿಂಡರು ಹಚ್ಚಬೇಕೆಂದು ಹೊರಡುವಷ್ಟರಲ್ಲಿ ದೀಪ ಮಿಣುಕುವುದೇ ನಿಂತಿತು, ಹಾರನ್ನು ಕೂಗಿತು.

ಮಿಷೀನು ಬ್ಯಾಟರಿಯದ್ದು, ಅದಕ್ಕೂ ಕರೆಂಟಿಗೂ ಸಂಬಂಧವಿಲ್ಲ. ಅಂದರೆ ನಿಂತಿರುವುದು ಉಸಿರೇ. ಇಬ್ಬರೂ ಬಿದ್ದು ಎದ್ದು ಓಡಿದೆವು. ಪಕ್ಕದ ಮನೆಯ ಅಜ್ಜಿ ಆಗಲೇ ಕಿಟಕಿಯ ಹೊರಗೆ ಬಂದು ಎದೆ ಬಡಿದುಕೊಂಡು ಅಳುತ್ತಿದ್ದಳು. ಒಳಗೆ ನುಗ್ಗಿದರೆ ಮಂಚ ಖಾಲಿ. ಆಕ್ಸಿಜನ್ ಮಿಷೀನಿನ ಸ್ವಿಚ್ಚು ಆರಿಸಿತ್ತು. ಮೂಗಿನ ನಳಿಕೆಯನ್ನು ದಾರದಲ್ಲಿ ನೀಟಾಗಿ ಕುರ್ಚಿಯ ಬೆನ್ನಿಗೆ ಕಟ್ಟಿ, ಸರಿಯಾಗಿ ಫ್ಯಾನಿನ ಮುಂದೆ ಇಟ್ಟಿತ್ತು.

ನಾವು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದ ಹಾಗೆಯೇ ಕರೆಂಟು ಬಂತು. ಫ್ಯಾನು ತಿರುಗಿತು. ಕತ್ತು ಇತ್ತ ಹೊರಳಿಸಿ ನಳಿಕೆಗೆ ಗಾಳಿ ಹೊಡೆಯಿತು, ದೀಪ ಮಿಣುಕಿತು. ಅತ್ತ ಹೋಯಿತು, ಮರಳಿ ಬಂತು, ಮತ್ತೆ ಮಿಣುಕಿತು. ಹಾರನ್ನು ನಿಂತಿತು. ಹೊರಗಿದ್ದ ಅಜ್ಜಿಗೆ ಕಾಣುವುದು ದೀಪ ಮಾತ್ರ. ಅವಳು ಎರಡೂ ಕೈ ಮೇಲೆತ್ತಿ "ಮಾದಪ್ಪಾ, ಓದ್ ಜೀವ ತಂದ್ಬುಟ್ಟಲ್ಲಪ್ಪಾ!" ಎಂದು ಕೂಗಿದಳು.

ಅಕ್ಕ ಕಿಟಕಿಯಿಂದ ಹೊಲದ ಕಡೆ ನೋಡಿದಳು. ನಾವು ಈಗಷ್ಟೇ ನಿಂತಿದ್ದ ಬದುವಿನ ಹಿಂದೆ, ಟೊಮೆಟೊ ಸಾಲಿನ ನೆರಳಲ್ಲಿ, ಗೋಣಿಚೀಲ ಹಾಸಿಕೊಂಡು ಬಾವ ಕೂತಿದ್ದರು. ನಮ್ಮ ಬೆನ್ನಿಗೆ ಒಂದು ಮಾರು ದೂರದಲ್ಲಿ. ಕೈ ಎತ್ತಲು ನೋಡುತ್ತಿದ್ದರು, ಆಗುತ್ತಿರಲಿಲ್ಲ.

ನಾನು ಸಿಲಿಂಡರು ಹೊತ್ತುಕೊಂಡು ಓಡಿದೆ. ನಳಿಕೆ ಹಾಕಿ ಎಷ್ಟೋ ಹೊತ್ತಿನ ಮೇಲೆ ಬಾವನಿಗೆ ಮಾತು ಬಂತು. ಅಕ್ಕನಿಗೆ ಸಿಟ್ಟು, ಅಳು ಎರಡೂ ಒಟ್ಟಿಗೆ. "ಸತ್ತೋಗಿದ್ರೆ ಏನ್ ಮಾಡ್ತಿದ್ರಿ? ಇಲ್ಗ್ ಯಾಕ್ ಬಂದ್ರಿ?"

"ದಿನಾ ಬತ್ತೀನಿ ಕಣ" ಅಂದರು ಬಾವ. "ಉಂಡಾದ್ ಮ್ಯಾಲೆ. ನೀನ್ ಆ ದೀಪಾನೇ ನೋಡ್ತಾ ಇರ್ತೀಯ. ನನ್ ಮೊಕ ನೋಡಿ ಏಸ್ ದಿನ ಆಯ್ತು ಏಳು?"

ನನಗೆ ನನ್ನ ಮಿಷೀನನ್ನು ಕಲ್ಲಿಗೆ ಅಪ್ಪಳಿಸುವಷ್ಟು ನಾಚಿಕೆಯಾಯಿತು. ಬಾವನೇ ನನ್ನ ಮೊಣಕೈ ತಟ್ಟಿ "ಬ್ಯಾಸರ ಮಾಡ್ಕಬೇಡ ಕಣ್ಲಾ, ಒಳ್ಳೆ ಮಿಷೀನು. ಫ್ಯಾನ್ಗೆ ಆಯಸ್ಸು ಗಟ್ಟಿ ಅಂತ ಸರ್ಯಾಗೇ ಏಳ್ತಾ ಅದೆ" ಅಂದರು.

ಅಂದೇ ಅಕ್ಕ ಕಿಟಕಿಯ ದೀಪ ಬಿಚ್ಚಿ ನನ್ನ ಕೈಗೆ ಕೊಟ್ಟಳು. ನಾನು ಸಿಲಿಂಡರು ನಿಲ್ಲಿಸಲು ಹಳೆ ಮೊಪೆಡ್ಡಿನ ಚಕ್ರ ಹಾಕಿ ಒಂದು ತಳ್ಳುಗಾಡಿ ಮಾಡಿಕೊಟ್ಟೆ. ಅದಕ್ಕೆ ಸೆನ್ಸರು ಹಾಕಲಿಲ್ಲ. ದಿನಾ ಮಧ್ಯಾಹ್ನ ಬಾವ ಬದುವಿನ ಮೇಲೆ ಕೂರುವುದು, ಅಕ್ಕ ಅವರ ಕಡೆ ಮುಖ ಮಾಡಿ ಕಳೆ ಕೀಳುವುದು. ಏನೇನು ಮಾತಾಡಿಕೊಂಡರೋ ಅವರಿಗೇ ಗೊತ್ತು. ಟೊಮೆಟೊ ಕೊಯ್ಲು ಮುಗಿಯುವ ಮುಂಚೆ, ಅಲ್ಲೇ, ಅಕ್ಕನ ಕಣ್ಣೆದುರಿಗೇ ಬಾವ ಹೋದರು.

ನಮ್ಮ ಕಡೆ ಹೋದವರನ್ನು ಮಲಗಿಸುವುದಿಲ್ಲ. ಪೇಟ ಸುತ್ತಿ, ವಿಭೂತಿ ಬಳಿದು, ಶಾಲು ಹೊದಿಸಿ ಗೋಡೆಗೆ ಒರಗಿಸಿ ಕೂರಿಸುತ್ತಾರೆ. ಬಾವನನ್ನೂ ಹಾಗೆ ನಡುಮನೆಯಲ್ಲಿ ಕೂರಿಸಿದ್ದರು. ಸೆಕೆ ಎಂದು ಯಾರೋ ಆ ಟೇಬಲ್ ಫ್ಯಾನನ್ನೇ ತಂದು ಪಕ್ಕದಲ್ಲಿಟ್ಟಿದ್ದರು. ಜನ ತುಂಬಿದ್ದರು. ಗುಮಟಾಪುರದ ಅಣ್ಣ ಎದುರಿಗೆ ಕೂತು ತಮ್ಮನನ್ನೇ ನೋಡುತ್ತಿದ್ದವರು ಇದ್ದಕ್ಕಿದ್ದಂತೆ ನನ್ನ ತೋಳು ಹಿಡಿದುಕೊಂಡರು.

"ಎದೆ ಮ್ಯಾಲ್ ಶಾಲು ಅಲ್ಲಾಡ್ತಾ ಅದೆ ನೋಡಪ್ಪ. ಒಂದ್ ಕಿತ, ಒಂದೇ ಕಿತ ಆ ಮಿಷೀನ ಮೂಗಿಗ್ ಮಡುಗ್ ನೋಡು. ಇವ್ನ ನಂಬಕ್ಕಾಗಾಕಿಲ್ಲ."

ನಾನು ಅಕ್ಕನ ಕಡೆ ನೋಡಿದೆ. ಅತ್ತು ಅತ್ತು ಅವಳ ಮುಖ ಊದಿತ್ತು. ಬಾವನ ಮುಖದಿಂದ ಕಣ್ಣು ತೆಗೆಯದೆ ಅವಳು ಹೇಳಿದಳು:

"ಮಡುಗ್ಲಾ. ಮೊದ್ಲು ಫ್ಯಾನ್ ಆಫ್ ಮಾಡು."